ಬೇಡ ಎಂದವಳು ನಿನ್ನ ತಾಯಿಯಲ್ಲ

ಮಹಾದೇವಿ, ನಿನ್ನ ಮುಖ ನೋಡಲು ಇಷ್ಟವಿಲ್ಲ ಎಂದು ನಿನ್ನ ತಾಯಿ ಯಾವತ್ತೂ ಹೇಳಿರಲಿಲ್ಲ. ಆ ಮಾತು ನನ್ನದು. ನಾನೇ ಹುಟ್ಟಿಸಿದ್ದು, ನಾನೇ ಆಡಿದ್ದು — ಅವಳ ಹೆಸರು ಹಾಕಿ. ನಾನು ಹಾಗೆ ಹೇಳುತ್ತಿದ್ದ ಹೊತ್ತಿನಲ್ಲಿ ನಿನ್ನ ತಾಯಿ ನೀಲಮ್ಮ ಶಿವಾಜಿನಗರದ ಗುಜರಿ ಅಂಗಡಿಗಳ ಮುಂದೆ ಕೂತು ಹಳೆಯ ಗರಗಸದ ಅಲಗುಗಳನ್ನು ಆರಿಸುತ್ತಿದ್ದಳು. ನೀನು ಬಂದದ್ದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ನಾನು ನೋಡಿಕೊಂಡೆ — ಒಂದೆರಡು ದಿನವಲ್ಲ, ಹತ್ತು ವರ್ಷಕ್ಕೂ ಮೇಲೆ.

ಹೋದ ವಾರ ಕೃಷ್ಣರಾಜಪುರದ ನಿನ್ನ ಮನೆ ಬಾಗಿಲಿಗೆ ಬಂದು ಇಷ್ಟನ್ನು ಹೇಳಿದೆ. ನಿನ್ನ ಕೈಗೆಲ್ಲ ಜೋಳದ ಹಿಟ್ಟು ಅಂಟಿತ್ತು. ನೀನು ನನ್ನನ್ನು ಬಹಳ ಹೊತ್ತು ನೋಡಿದೆ, "ಹೋಗ್ರಿ ನೀವು" ಎಂದೆ, ಬಾಗಿಲು ಹಾಕಿಕೊಂಡೆ. ಹಾಕಿಕೊಳ್ಳಬೇಕಾದ್ದೇ. ಮತ್ತೊಮ್ಮೆ ಬಡಿಯಲು ನನಗೆ ಕೈ ಬರಲಿಲ್ಲ. ಆದರೆ ನಡೆದದ್ದು ನಡೆದ ಹಾಗೆ ನಿನಗೆ ತಿಳಿದಿರಬೇಕು. ಬಾಗಿಲಲ್ಲಿ ನಿಂತು ಹೇಳಿ ಮುಗಿಸುವಂಥದ್ದಲ್ಲ ಅದು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ವನಜ. ಹಲಸೂರು ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ನಮ್ಮದೊಂದು ಹೆಂಚಿನ ಮನೆ, ಅದಕ್ಕೆ ಒತ್ತಿಕೊಂಡ ಹಾಗೆ ತಗಡಿನ ಚಪ್ಪರ. ಆ ಚಪ್ಪರದಡಿ ಅಪ್ಪ ಸಾಣೆ ಹಿಡಿಯುತ್ತಿದ್ದರು. ದಂಡು ಪ್ರದೇಶದ ಬಂಗಲೆಗಳ ಅಡುಗೆಯವರು, ಕಸಾಯಿಗಳು, ದರ್ಜಿಗಳು — ಎಲ್ಲರ ಕತ್ತಿ ಕತ್ತರಿ ಅವರ ಕೈಗೇ ಬರುತ್ತಿತ್ತು. ಅಮ್ಮ ನಾನು ಚಿಕ್ಕವಳಿದ್ದಾಗಲೇ ಹೋದಳು. ಅಪ್ಪನಿಗೆ ಲಕ್ವ ಹೊಡೆದು ಮಲಗಿದ ಮೇಲೆ ಸಾಣೆಯ ಚಕ್ರದ ಮುಂದೆ ನಾನು ಕೂತೆ. ಹೆಂಗಸು ಸಾಣೆ ಹಿಡಿಯುವುದನ್ನು ನೋಡಲು ಮೊದಮೊದಲು ಜನ ನಿಲ್ಲುತ್ತಿದ್ದರು, ಆಮೇಲೆ ರೂಢಿಯಾಯಿತು. ಬಂದ ಒಂದೆರಡು ಸಂಬಂಧಗಳು ಅಪ್ಪನ ಹಾಸಿಗೆಯನ್ನು ನೋಡಿ ಹಿಂದಕ್ಕೆ ಹೋದವು. ಅಪ್ಪ ತೀರಿಕೊಳ್ಳುವ ವೇಳೆಗೆ ನನ್ನ ತಲೆಯಲ್ಲಿ ಬಿಳಿಕೂದಲು ಕಾಣಿಸಿಕೊಂಡಿತ್ತು. ಯಾರೂ ಯಾವ ಸಂಬಂಧವನ್ನೂ ತರುವುದು ಬಿಟ್ಟಿದ್ದರು.

ಒಂಟಿತನ ಎಂದರೆ ಏನು ಎಂದು ನನಗೆ ಆಗ ಗೊತ್ತಾಯಿತು. ಹಗಲೆಲ್ಲ ಚಕ್ರದ ಸದ್ದು, ಗಿರಾಕಿಗಳ ಮಾತು — ತಮಿಳು, ಉರ್ದು, ಕನ್ನಡ, ಎಲ್ಲ ಕಲೆತು. ಸಂಜೆ ಚಕ್ರ ನಿಲ್ಲಿಸಿದ ಕೂಡಲೇ ಮನೆಯೊಳಗಿನ ನಿಶ್ಶಬ್ದ ಬಾಗಿಲಿಗೆ ಬಂದು ನಿಂತಿರುತ್ತಿತ್ತು. ಒಬ್ಬಳಿಗೆ ಅನ್ನ ಮಾಡುವುದು ಎಷ್ಟು ಕಷ್ಟ ಎಂದು ನಿನಗೆ ಗೊತ್ತಿರಲಾರದು. ಎಷ್ಟು ಕಡಿಮೆ ಇಟ್ಟರೂ ಉಳಿಯುತ್ತದೆ.

ಸಾಣೆಯ ಕೆಲಸ ಕಡಿಮೆಯಾಗುತ್ತ ಬಂದಾಗ ನಾನು ಅಡುಗೆಮನೆಯ ಸಣ್ಣ ಚಾಕುಗಳನ್ನು ಮಾಡತೊಡಗಿದೆ. ಕಾರ್ಖಾನೆಗಳಲ್ಲಿ ಕಬ್ಬಿಣ ಕೊಯ್ದು ಸವೆದ ಗರಗಸದ ಅಲಗುಗಳು ಗುಜರಿಗೆ ಬರುತ್ತವೆ. ಒಳ್ಳೆಯ ಉಕ್ಕು. ಅದನ್ನು ಬೇಕಾದ ಉದ್ದಕ್ಕೆ ಮುರಿದು, ಸಾಣೆಗೆ ಕೊಡುತ್ತ, ಬಿಸಿಯಾದಂತೆಲ್ಲ ನೀರಿನಲ್ಲಿ ಅದ್ದುತ್ತ ಆಕಾರಕ್ಕೆ ತರಬೇಕು. ಅವಸರ ಮಾಡಿದರೆ ಹದ ಕೆಟ್ಟು ಅಲಗು ಮೊಂಡಾಗುತ್ತದೆ. ನನ್ನ ಅಲಗುಗಳು ಚೆನ್ನಾಗಿರುತ್ತಿದ್ದವು, ಇದನ್ನು ಹೇಳಲು ಸಂಕೋಚವಿಲ್ಲ. ಆದರೆ ಹಿಡಿ ಕೂರಿಸುವುದು ನನಗೆ ಒಲಿಯಲಿಲ್ಲ. ಮರದ ತುಂಡಿಗೆ ಎರಡು ಮೊಳೆ ಹೊಡೆದು ಕೊಡುತ್ತಿದ್ದೆ. ಕೊಂಡವರು ಕೆಲಸಕ್ಕೆ ಕೊಳ್ಳುತ್ತಿದ್ದರು, ಯಾರೂ ಅದನ್ನು ಎತ್ತಿ ನೋಡುತ್ತಿರಲಿಲ್ಲ.

ನಿನ್ನ ತಾಯಿ ಬಂದದ್ದು ಒಂದು ಮುರಿದ ಚಾಕು ಹಿಡಿದುಕೊಂಡು. ಮಾರತ್ತಹಳ್ಳಿಯ ಕಡೆ ಕಟ್ಟಡದ ಕೆಲಸಕ್ಕೆಂದು ಕಲಬುರಗಿಯ ಕಡೆಯವರ ಒಂದು ತಂಡ ಬಂದಿತ್ತು, ಅದರಲ್ಲಿ ಇವಳೂ ಒಬ್ಬಳು. ಜಲ್ಲಿ ಹೊತ್ತು ಹೊತ್ತು ಕೈ ಒಡೆದಿತ್ತು. ಅಲಗು ಮುರಿದಿದೆ, ಹೊಸದು ಹಾಕಿಕೊಡಿ, ಹಿಡಿ ಮಾತ್ರ ಇದೇ ಇರಲಿ ಎಂದಳು. ನಾನು ಹಿಡಿಯನ್ನು ನೋಡಿದೆ. ಕಪ್ಪು ಮರ, ಅದರೊಳಗೆ ಹಿತ್ತಾಳೆ ತಂತಿಯಲ್ಲಿ ಕೂರಿಸಿದ ಒಂದು ಗಿಳಿ. ಕುತ್ತಿಗೆ ತಿರುಗಿಸಿ ಹಿಂದಕ್ಕೆ ನೋಡುವ ಗಿಳಿ. ಬೆರಳಿನಿಂದ ಸವರಿದರೆ ತಂತಿ ಎಲ್ಲಿ, ಮರ ಎಲ್ಲಿ ಎಂದು ತಿಳಿಯುತ್ತಿರಲಿಲ್ಲ. ಯಾರು ಮಾಡಿದ್ದು ಎಂದು ಕೇಳಿದೆ. ತಾನೇ ಎಂದಳು. ಅವಳ ಅಪ್ಪ ಬಡಗಿ, ಕುಂಕುಮದ ಭರಣಿಗಳಿಗೆ ಹೀಗೆ ತಂತಿ ಕೂರಿಸುತ್ತಿದ್ದ, ನೋಡಿ ನೋಡಿ ಇವಳೂ ಕಲಿತಿದ್ದಳು.

ನಾಳೆಯಿಂದ ಜಲ್ಲಿ ಹೊರಬೇಡ, ಇಲ್ಲಿಗೆ ಬಾ ಎಂದೆ. ಬಂದಳು. ಮೊದಲು ಗರುಡಾಚಾರ್‌ಪಾಳ್ಯದ ಬಾಡಿಗೆ ರೂಮಿನಿಂದ ಬಸ್ಸಿನಲ್ಲಿ ಬಂದುಹೋಗುತ್ತಿದ್ದಳು. ಒಂದು ಸಲ ಜ್ವರದಲ್ಲಿ ಬಂದವಳನ್ನು ನಾನು ಹೋಗಗೊಡಲಿಲ್ಲ. ಜ್ವರ ಬಿಟ್ಟ ಮೇಲೂ ಹೋಗಗೊಡಲಿಲ್ಲ. ಹಾಗೆ ನಮ್ಮ ಮನೆಯಲ್ಲೇ ಉಳಿದಳು.

ಪೀಠೋಪಕರಣ ಮಾಡುವವರ ಹತ್ತಿರ ಬೀಟೆಮರದ ಚೂರುಗಳು ಸಿಗುತ್ತಿದ್ದವು. ಅವನ್ನು ಅವಳು ಕೈಹಿಡಿತಕ್ಕೆ ಹೊಂದುವಂತೆ ಕೆತ್ತಿ, ಸೂಜಿಮೊನೆಯಲ್ಲಿ ಗೆರೆ ಎಳೆದು, ಗೆರೆಯ ಗುಂಟ ಸಣ್ಣ ಉಳಿಯಲ್ಲಿ ಕಾಲುವೆ ತೋಡಿ, ಅದರೊಳಗೆ ತಂತಿಯನ್ನು ಇಟ್ಟು ಪುಟ್ಟ ಸುತ್ತಿಗೆಯಿಂದ ಬಡಿದು ಕೂರಿಸುತ್ತಿದ್ದಳು. ನಾನು ಅರಗು ತುಂಬಿ ಅಲಗನ್ನು ಹಿಡಿಗೆ ಸೇರಿಸುತ್ತಿದ್ದೆ. ಇಂದಿರಾನಗರದ ಒಂದು ಕರಕುಶಲ ಅಂಗಡಿಯವರು ನಮ್ಮ ಚಾಕುಗಳನ್ನು ಗಾಜಿನ ಹಿಂದೆ ಇಟ್ಟರು. ಕ್ರಿಸ್‌ಮಸ್ಸಿಗೆ ಮುಂಚೆ ದಂಡಿನ ಚರ್ಚುಗಳ ಅಂಗಳದಲ್ಲಿ ನಡೆಯುವ ಮಾರಾಟಕ್ಕೆ ನಾವಿಬ್ಬರೂ ಒಂದು ಮೇಜು ಹಾಕಿಕೊಂಡು ಕೂರುತ್ತಿದ್ದೆವು. ಹಣ್ಣು ಹೆಚ್ಚಲು ಕೊಂಡವರು ಹೆಚ್ಚಲು ಮನಸ್ಸು ಬರದೆ ಗೋಡೆಗೆ ತೂಗುಹಾಕಿದ್ದೇವೆ ಎಂದು ಹೇಳುತ್ತಿದ್ದರು. ನೀಲಮ್ಮನಿಗೆ ಅದು ಇಷ್ಟವಾಗುತ್ತಿರಲಿಲ್ಲ. ಚಾಕು ಅಂದಮೇಲೆ ಉಳ್ಳಾಗಡ್ಡಿ ಹೆಚ್ಚಬೇಕು ಎನ್ನುತ್ತಿದ್ದಳು.

ಒಂದು ವಿಷಯದಲ್ಲಿ ಅವಳು ಹಟಮಾರಿ. ಹೂವು, ಬಳ್ಳಿ, ತೆನೆ ಏನೇ ಮಾಡಲಿ, ಹಿಡಿಯ ತುದಿಯಲ್ಲಿ ಎಲ್ಲಾದರೂ ಒಂದು ಕಡೆ ಆ ಗಿಳಿ ಬರಲೇಬೇಕು. ಯಾಕೆ ಎಂದು ನಾನು ಕೇಳಿರಲಿಲ್ಲ. ಅವಳ ಅಪ್ಪನ ನೆನಪು ಎಂದುಕೊಂಡಿದ್ದೆ.

ಮನೆಯ ಕತೆಯನ್ನು ಅವಳು ಒಂದೇ ಸಲ ಹೇಳಲಿಲ್ಲ, ತುಣುಕು ತುಣುಕಾಗಿ ಹೇಳಿದಳು. ನಿನ್ನ ಅಪ್ಪ ಇನ್ನೊಬ್ಬಳನ್ನು ತಂದದ್ದು. ನಿನ್ನ ಅಜ್ಜಿ ನಿನ್ನನ್ನು ಒಳಗೆಳೆದುಕೊಂಡು ಇವಳನ್ನು ಹೊರಗೆ ನಿಲ್ಲಿಸಿದ್ದು. ಮತ್ತೆ ಇತ್ತ ಕಾಲಿಟ್ಟರೆ ಹುಡುಗಿಯನ್ನು ಶಾಲೆ ಬಿಡಿಸಿ ಎಲ್ಲಾದರೂ ಕೊಟ್ಟುಬಿಡುತ್ತೇವೆ ಎಂದು ಹೆದರಿಸಿದ್ದು. ಅದಕ್ಕೇ ಅವಳು ಬರಲಿಲ್ಲ, ಮಹಾದೇವಿ. ಬರಬಾರದೆಂದಲ್ಲ. ಪ್ರತಿ ಯುಗಾದಿಗೂ ನಿನಗೆ ಎಷ್ಟು ವಯಸ್ಸಾಯಿತೆಂದು ಬೆರಳು ಮಡಿಸುತ್ತಿದ್ದಳು. "ದೊಡ್ಡಾಕಿ ಆದ್ಮ್ಯಾಲ ತಾನೇ ಬರ್ತಾಳ್ರಿ ಅಕ್ಕಾ" — ಇದು ಅವಳ ಮಾತು. ನಾನು ಹೂಂ ಎನ್ನುತ್ತಿದ್ದೆ. ಬರಲಿ ಎಂದು ಬಾಯಲ್ಲಿ ಹೇಳುತ್ತಿದ್ದೆ.

ಸಂಜೆ ಅವಳು ರೊಟ್ಟಿ ತಟ್ಟುವ ಸದ್ದು ಮನೆಯಲ್ಲಿ ಕೇಳಿಸುತ್ತಿತ್ತು. ಆ ಸದ್ದಿಗೆ ನಾನು ಎಷ್ಟು ಹೊಂದಿಕೊಂಡಿದ್ದೆನೆಂದರೆ — ಇರಲಿ. ಇದನ್ನು ಕಾರಣವಾಗಿ ಹೇಳುತ್ತಿಲ್ಲ.

ನೀನು ಬಂದ ದಿನ ಮಧ್ಯಾಹ್ನದ ಬಿಸಿಲಿತ್ತು. ನೀನು ಉಟ್ಟಿದ್ದು ಮುದುರು ಬೀಳದ ಹೊಸ ಇಳಕಲ್ ಸೀರೆ, ಹಸಿರು ಒಡಲು, ಕೆಂಪು ಸೆರಗು. ಓಣಿಯ ತುದಿಯಲ್ಲಿ, ದರ್ಜಿಯ ಅಂಗಡಿಯ ನೆರಳಿನಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ನೀನು ಒಬ್ಬಳೇ ಚಪ್ಪರದೊಳಗೆ ಬಂದು, ನೀಲಮ್ಮ ಎನ್ನುವವರು ಇಲ್ಲಿದ್ದಾರೆಯೇ, ನಾನು ಅವರ ಮಗಳು ಎಂದೆ. ಹೇಳಬೇಕಾಗಿರಲಿಲ್ಲ. ನಡಿಗೆಯಲ್ಲೇ ನನಗೆ ತಿಳಿದಿತ್ತು.

ಕೂರಿಸಿ ನೀರು ಕೊಟ್ಟೆ. ಅಲ್ಲಿಯವರೆಗೂ ನನ್ನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ — ಇತ್ತೇ? ಇಲ್ಲವೆಂದೇ ನನ್ನ ನೆನಪು. ನೀನು ಉತ್ಸಾಹದಲ್ಲಿ ಎಲ್ಲ ಹೇಳಿದೆ. ಅಜ್ಜಿ ತೀರಿಕೊಂಡಳೆಂದೂ, ಇನ್ನು ತಡೆಯುವವರು ಯಾರೂ ಇಲ್ಲವೆಂದೂ, ಮದುವೆ ಗೊತ್ತಾಗಿದೆಯೆಂದೂ ಹೇಳಿದೆ. ಸೀರೆ ಕೊಳ್ಳಲು ಬೀಗರೊಂದಿಗೆ ಬೆಂಗಳೂರಿಗೆ ಬಂದಿದ್ದೆ. ಗಂಡನಾಗುವವನ ಅಕ್ಕ ಕೃಷ್ಣರಾಜಪುರದ ಹತ್ತಿರ ಒಂದು ಕಾಲೋನಿಯಲ್ಲಿ ಮನೆಗೆಲಸ ಮಾಡುತ್ತಿದ್ದಳು; ಓಣಿಯಲ್ಲಿ ನಿಂತಿದ್ದವಳು ಅವಳೇ. ಅವಳ ಜೊತೆ ಆ ಮನೆಗೆ ಹೋದಾಗ ಅಡುಗೆಕಟ್ಟೆಯ ಮೇಲೆ ಒಂದು ಚಾಕು ಕಂಡಿತಂತೆ. "ಅದರ ಹಿಡಿ ಮ್ಯಾಲ ಗಿಳಿ ಇತ್ರಿ. ನಮ್ಮ ಮನ್ಯಾಗ ಅವ್ವ ಮಾಡಿದ ಕುಂಕುಮದ ಭರಣಿ ಮ್ಯಾಲ ಅದರಿ, ಅದೇ ಗಿಳಿ. ಅವ್ವನ ಕೈಯೇ ಅಂತ ನೋಡಿದ ಕೂಡ್ಲೇ ತಿಳೀತ್ರಿ" ಎಂದೆ ನೀನು. ಆ ಮನೆಯೊಡತಿ ನಮ್ಮ ಓಣಿಯ ಗುರುತು ಹೇಳಿ ಕಳಿಸಿದ್ದಳು.

ಆಗ ನನಗೆ ಅರ್ಥವಾಯಿತು ಆ ಗಿಳಿ ಯಾಕೆ ಎಂದು. ಊರೂರಿಗೆ ಹೋಗುವ ಚಾಕುಗಳ ಮೇಲೆ ಅವಳು ನಿನಗೆ ಕಾಣಲೆಂದು ಏನನ್ನೋ ಇಡುತ್ತಿದ್ದಳು. ಬೇಕೆಂದೇ ಇಟ್ಟಳೋ, ಕೈ ತಾನಾಗಿ ಇಟ್ಟಿತೋ. ಅದು ನಿನ್ನನ್ನು ಮುಟ್ಟಿತ್ತು. ನೀನು ಬಂದಿದ್ದೆ. ಆ ಗಳಿಗೆಯಲ್ಲಿ ನಾನು ಸಂತೋಷಪಡಬೇಕಾಗಿತ್ತು.

ಆಮೇಲೆ ನೀನು ಹೇಳಿದೆ, ಅವ್ವನನ್ನು ಕರೆದುಕೊಂಡೇ ಹೋಗುತ್ತೇನೆ, ಮದುವೆಯಾದ ಮೇಲೂ ಅವಳು ನನ್ನ ಜೊತೆಗೇ ಇರಲಿ, ಗಂಡನ ಮನೆಯವರೂ ಒಪ್ಪಿದ್ದಾರೆ ಎಂದು.

ಅಷ್ಟೇ. ಮನೆ ಖಾಲಿಯಾಗುವುದು ಕಣ್ಣಿಗೆ ಕಟ್ಟಿತು. ಚಪ್ಪರದಲ್ಲಿ ಒಂದೇ ಮಣೆ, ಒಲೆಯ ಮೇಲೆ ಒಬ್ಬಳ ಅನ್ನ. ಮುಂದೆ ಏನು ಹೇಳುತ್ತೇನೆಂದು ನನಗೇ ತಿಳಿಯದೆ ಬಾಯಿಬಿಟ್ಟೆ ಎಂದು ಹೇಳಿದರೆ ಸುಳ್ಳಾಗುತ್ತದೆ. ನನಗೆ ತಿಳಿದಿತ್ತು. ಒಂದು ಕ್ಷಣ ಯೋಚಿಸಿಯೇ ಹೇಳಿದೆ.

"ನಿಮ್ಮಮ್ಮ ಇಲ್ಲೇ ಇದಾಳಮ್ಮ. ಆದ್ರೆ ನೀನು ಬಂದ್ರೆ ವಾಪಸ್ ಕಳಿಸ್ಬಿಡಿ ಅಂತ ಹೇಳಿದಾಳೆ. ನಿನ್ನ ಮುಖ ನೋಡೋಕೆ ಅವಳಿಗೆ ಇಷ್ಟ ಇಲ್ಲ."

ನೀನು ಅಳಲಿಲ್ಲ. ಯಾಕೆ ಎಂದೂ ಕೇಳಲಿಲ್ಲ. ಕೇಳಿದ್ದರೆ ಇನ್ನೊಂದು ಸುಳ್ಳು ಹೇಳುತ್ತಿದ್ದೆನೋ, ಕಾಲು ಹಿಡಿಯುತ್ತಿದ್ದೆನೋ — ಗೊತ್ತಿಲ್ಲ. ನೀನು ನೀರಿನ ಲೋಟವನ್ನು ಎರಡೂ ಕೈಯಲ್ಲಿ ಕೆಳಗಿಟ್ಟೆ. ಚೀಲದಿಂದ ಒಂದು ಡಬ್ಬಿ ತೆಗೆದು, ಶೇಂಗಾ ಹೋಳಿಗೆ, ಅವ್ವನಿಗೆ ಮಾಡಿದ್ದು, ನೀವಾದರೂ ತಿನ್ನಿ ಎಂದೆ. ಎದ್ದು ಹೊರಟೆ. ನಾನು ಬಾಗಿಲವರೆಗೆ ಬಂದೆ. ಆ ಹೆಂಗಸು ಏನಾಯಿತೆಂದು ಕೇಳಿದಾಗ ನೀನು ಕೊಟ್ಟ ಉತ್ತರ ನನಗೆ ಕೇಳಿಸಿತು: "ಇಲ್ಲಿಲ್ಲಂತ್ರಿ ಅಕ್ಕಾ. ಊರು ಬಿಟ್ಟು ಎಲ್ಲೋ ಹೋಗ್ಯಾಳಂತ."

ತಾಯಿ ನಿನ್ನನ್ನು ಬೇಡವೆಂದಳು ಎಂದು ನಂಬಿದ ಗಳಿಗೆಯಲ್ಲೂ ನೀನು ಅವಳ ಮರ್ಯಾದೆ ಕಾಪಾಡಿದೆ. ನನ್ನ ಸುಳ್ಳು ಬಯಲಾಗದೆ ಉಳಿದದ್ದು ನಿನ್ನ ಆ ಒಳ್ಳೆಯತನದಿಂದ. ನೀನು ಯಾರ ಬಳಿಯೂ ಆಡಲಿಲ್ಲ, ಹಾಗಾಗಿ ಊರಿನವರ ಮೂಲಕ ಅದು ನೀಲಮ್ಮನ ಕಿವಿಗೆ ಬೀಳಲೇ ಇಲ್ಲ.

ಡಬ್ಬಿಯನ್ನು ನಾನು ಮನೆಯಲ್ಲಿ ಇಟ್ಟುಕೊಳ್ಳಲಾರದೆ ಮಾರುಕಟ್ಟೆಯ ಹಮಾಲಿಗಳಿಗೆ ಕೊಟ್ಟು ಬಂದೆ. ಬಿಸಿಲು ಇಳಿಯುವಾಗ ನೀಲಮ್ಮ ಬಂದಳು. ಅಲಗುಗಳ ಗಂಟನ್ನು ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ನಿಂತವಳು ಸುಮ್ಮನೆ ಗಾಳಿ ಮೂಸಿದಳು. "ಶೇಂಗಾ ಹೋಳಗಿ ವಾಸನಿ ಬರ್ಲತ್ತದಲ್ರಿ ಅಕ್ಕಾ" ಎಂದಳು. ಪಕ್ಕದ ಮನೆಯವರು ಕಡಲೆಕಾಯಿ ಹುರಿದರೇನೋ ಎಂದೆ. ಹಾಗಿದ್ದರೂ ಇರಬಹುದೆಂದು ನಕ್ಕು ಒಳಗೆ ಹೋದಳು.

ಇಲ್ಲಿಗೆ ಮುಗಿದಿದ್ದರೆ ಒಂದು ಸಲದ ಕೆಟ್ಟ ಬುದ್ಧಿ ಎಂದು ಹೇಳಿಕೊಳ್ಳಬಹುದಾಗಿತ್ತೇನೋ. ಮುಗಿಯಲಿಲ್ಲ. ಕೆಲವು ದಿನ ಕಳೆದು ನಾನು ಅವಳಿಗೆ ಗಿಳಿ ಬೇಡ ಎಂದೆ. ಇಂದಿರಾನಗರದ ಅಂಗಡಿಯವರು ಬರೀ ಹೂಬಳ್ಳಿ ಕೇಳುತ್ತಿದ್ದಾರೆ, ಗಿಳಿ ಹಳೆಯದಾಯಿತಂತೆ ಎಂದೆ. ಅವರು ಹಾಗೆ ಕೇಳಿರಲಿಲ್ಲ. ಇನ್ನು ಯಾವ ಚಾಕುವೂ ಯಾರನ್ನೂ ಇಲ್ಲಿಗೆ ಕರೆತರಬಾರದು — ಅಷ್ಟೇ ನನಗೆ ಬೇಕಾಗಿದ್ದದ್ದು. ನೀಲಮ್ಮ ಒಂದೊಂದರ ಮೇಲಾದರೂ ಇರಲಿ ಎಂದು ಕೇಳಿಕೊಂಡಳು. ಬೇಡ ಎಂದೆ. ನನ್ನ ಮಾತನ್ನು ಅವಳು ಮೀರುತ್ತಿರಲಿಲ್ಲ. ಆಮೇಲೆ ಮಾಡಿದ ಹಿಡಿಗಳೆಲ್ಲ ಚೆನ್ನಾಗಿಯೇ ಇದ್ದವು, ಜನ ಹೊಗಳಿ ಹೊಗಳಿ ಕೊಂಡರು. ನನಗೆ ಮಾತ್ರ ಅವನ್ನು ಕೈಯಲ್ಲಿ ಹಿಡಿಯಲು ಆಗುತ್ತಿರಲಿಲ್ಲ.

ನಿನ್ನ ಮದುವೆಯ ಸುದ್ದಿ ಅವಳಿಗೆ ತಲುಪಿದ್ದು ಮದುವೆ ಮುಗಿದ ಎಷ್ಟೋ ದಿನಗಳ ಮೇಲೆ. ಹಬ್ಬಕ್ಕೆ ಊರಿಗೆ ಹೋಗಿಬಂದ ಗರುಡಾಚಾರ್‌ಪಾಳ್ಯದ ಒಬ್ಬ ಪರಿಚಯದವನು ಹೇಳಿದ. ಆ ಹೊತ್ತಿಗೆ ಅವಳು ನಿನಗೆಂದೇ ಒಂದು ಚಾಕು ಮಾಡಿಟ್ಟಿದ್ದಳು. ಎಂದಾದರೂ ನಿನ್ನ ಮದುವೆಯಾದಾಗ ಪಾತ್ರೆಗಳ ಜೊತೆ ಕೊಡಲೆಂದು. ಹಿಡಿಯ ತುಂಬ ಜೋಳದ ತೆನೆ, ಒಂದೊಂದು ಕಾಳನ್ನೂ ಬೇರೆ ಬೇರೆ ಕೂರಿಸಿದ್ದಳು. ಆ ಸಲದ ಚರ್ಚಿನ ಮಾರಾಟದಲ್ಲಿ ಅದನ್ನೂ ತಂದು ಮೇಜಿನ ಮೇಲಿಟ್ಟಳು. ಯಾರೋ ಪರದೇಶದ ಹೆಂಗಸು ಕೊಂಡು ಹೋದಳು. ಮನೆಗೆ ಬರುವಾಗ ಬಸ್ಸಿನಲ್ಲಿ ನೀಲಮ್ಮ ಹೇಳಿದಳು: "ನನ್ನ ಕರೀಲಿಲ್ಲ ನೋಡ್ರಿ ಅಕ್ಕಾ."

ನಾನು ಅವಳ ಕೈ ಹಿಡಿದುಕೊಂಡೆ. ಸಮಾಧಾನ ಮಾಡಿದೆ. ಮಕ್ಕಳು ಹಾಗೇ, ಬೆಳೆದ ಮೇಲೆ ಮರೆತುಬಿಡುತ್ತಾರೆ ಎಂದೆ. ಮಹಾದೇವಿ, ನಾನು ಮಾಡಿದ್ದರಲ್ಲಿ ಅತ್ಯಂತ ನೀಚವಾದದ್ದು ಯಾವುದೆಂದು ಯಾರಾದರೂ ಕೇಳಿದರೆ ನಿನಗೆ ಹೇಳಿದ ಸುಳ್ಳನ್ನಲ್ಲ, ಆ ಸಮಾಧಾನವನ್ನು ತೋರಿಸುತ್ತೇನೆ. ನೋಯಿಸಿದ ಕೈಯಲ್ಲೇ ಬೆನ್ನು ಸವರಿದೆ. ಅವಳು ನನ್ನ ಭುಜಕ್ಕೆ ತಲೆ ಕೊಟ್ಟು ಅತ್ತಳು. ನನಗೆ ಅದು ಹಿತವಾಗಿತ್ತು ಎಂದೂ ಹೇಳಿಬಿಡಬೇಕು — ಅವಳಿಗೆ ನನ್ನನ್ನು ಬಿಟ್ಟು ಇನ್ನಾರೂ ಇಲ್ಲವೆಂಬುದು.

ಅವಳನ್ನು ಉಳಿಸಿಕೊಂಡೆ ಎಂದುಕೊಂಡಿದ್ದೆ. ಆದರೆ ಉಳಿದವಳು ಮೊದಲಿನ ನೀಲಮ್ಮನಲ್ಲ. ಮಾತು ಕಡಿಮೆಯಾಯಿತು. ಯುಗಾದಿಗೆ ಬೆರಳು ಮಡಿಸುವುದನ್ನು ಬಿಟ್ಟಳು. ನನ್ನ ಕಡೆಯಿಂದಲೂ ಮಾತು ಕಡಿಮೆಯಾಯಿತು. ಯಾವ ಮಾತಿಗೆ ಯಾವ ಮಾತು ಬಂದು ಅದು ನಿನ್ನಲ್ಲಿಗೆ ಹೋಗಿ ಮುಟ್ಟುತ್ತದೋ ಎಂಬ ಹೆದರಿಕೆ. ಒಂದೇ ಚಪ್ಪರದಲ್ಲಿ ಎದುರುಬದುರು ಕೂತು ನಾವಿಬ್ಬರೂ ಬೇರೆ ಬೇರೆ ಒಂಟಿಯಾದೆವು. ಒಂಟಿಯಾಗಿ ಇರಲಾರದೆ ಮಾಡಿದ ತಪ್ಪು ನನ್ನನ್ನು ಮೊದಲಿಗಿಂತ ಒಂಟಿಯಾಗಿ ಮಾಡಿತು — ಮಾಡಬೇಕಾದ್ದೇ ಹಾಗೆ.

ಆಮೇಲೆ ನಿನ್ನನ್ನು ಕಂಡೆ. ಕೃಷ್ಣರಾಜಪುರದ ಸಂತೆಯಲ್ಲಿ. ಅಲ್ಲಿಯ ಒಬ್ಬ ಬಡಗಿಯ ಹತ್ತಿರ ಮರದ ಚೂರು ನೋಡಲು ಹೋಗಿದ್ದೆ. ನೀನು ಬದನೆಕಾಯಿ ಆರಿಸುತ್ತಿದ್ದೆ, ಪಕ್ಕದಲ್ಲಿ ಒಂದು ಪುಟ್ಟ ಹುಡುಗಿ ನಿನ್ನ ಸೆರಗು ಹಿಡಿದುಕೊಂಡಿತ್ತು. ಹಿಂದೆಯೇ ನಡೆದು ಬಂದು ರೈಲ್ವೆ ಸ್ಟೇಷನ್ನಿನ ಆಚೆಯ ಓಣಿಯಲ್ಲಿ ನಿನ್ನ ಮನೆ ನೋಡಿಕೊಂಡೆ. ಗಂಡನಿಗೆ ಇಲ್ಲಿ ಕೆಲಸ ಸಿಕ್ಕು ನೀವೆಲ್ಲ ಇಲ್ಲಿಗೇ ಬಂದಿದ್ದೀರೆಂದು ಎದುರುಮನೆಯವರನ್ನು ಕೇಳಿ ತಿಳಿದುಕೊಂಡೆ. ತಾಯಿ ಹಲಸೂರಿನಲ್ಲಿ, ಮಗಳು ಕೃಷ್ಣರಾಜಪುರದಲ್ಲಿ, ಮಧ್ಯೆ ಒಂದೇ ಬಸ್ಸು. ಹಳೆ ಮದ್ರಾಸ್ ರಸ್ತೆಯ ಉದ್ದಕ್ಕೂ ನಾನು ಅಳುತ್ತ ಬಂದೆ, ಇವತ್ತೇ ಹೇಳಿಬಿಡುತ್ತೇನೆ ಎಂದುಕೊಂಡು ಬಂದೆ. ಮನೆಯಲ್ಲಿ ನೀಲಮ್ಮ ರೊಟ್ಟಿ ತಟ್ಟುತ್ತಿದ್ದಳು. ಕೈಕಾಲು ತೊಳೆದುಕೊಂಡು ಬನ್ನಿ ಅಕ್ಕಾ ಎಂದಳು. ತೊಳೆದುಕೊಂಡು ಊಟಕ್ಕೆ ಕೂತೆ. ಹೇಳಲಿಲ್ಲ. ಅದರ ಮಾರನೆಯ ದಿನವೂ ಹೇಳಲಿಲ್ಲ. ಹಾಗೇ ವರ್ಷಗಳು ಹೋದವು. ನಿನ್ನ ಓಣಿಗೆ ಆಗಾಗ ಬಂದು ದೂರ ನಿಂತು ಹೋಗುತ್ತಿದ್ದೆ. ಆ ಮಗು ಶಾಲೆಯ ಸಮವಸ್ತ್ರ ಹಾಕಿಕೊಂಡದ್ದನ್ನು ಅದರ ಅಜ್ಜಿ ನೋಡಲಿಲ್ಲ, ನಾನು ನೋಡಿದೆ.

ಈಗ ಹೇಳಿದ್ದು ಯಾಕೆ ಎಂದು ನೀನು ಕೇಳಬಹುದು. ಧೈರ್ಯ ಬಂದು ಹೇಳಿದ್ದಲ್ಲ.

ಮಹಾತ್ಮ ಗಾಂಧಿ ರಸ್ತೆಯಲ್ಲಿ ಮೆಟ್ರೋ ಕೆಲಸ ಶುರುವಾಗಿ ನಮ್ಮ ಕಡೆಗೂ ಅಳತೆಯವರು ಬರತೊಡಗಿದ್ದರು. ಮನೆ ಉಳಿಯುತ್ತದೋ ಹೋಗುತ್ತದೋ ಎಂಬ ಮಾತು ಓಣಿಯಲ್ಲೆಲ್ಲ. ಒಂದು ಬೆಳಗ್ಗೆ ನೀಲಮ್ಮ ಹಿಡಿಗೆ ಜೇನುಮೇಣ ಉಜ್ಜುತ್ತ ಕೂತಿದ್ದವಳು, ಮನೆ ಹೋದರೂ ನಾವಿಬ್ಬರೂ ಎಲ್ಲಾದರೂ ಒಟ್ಟಿಗೇ ಇರೋಣ ಎಂದಳು. ಆಮೇಲೆ, ತಲೆ ಎತ್ತದೆಯೇ ಹೇಳಿದಳು:

"ನಾ ಸತ್ರ ನೀವೇ ಮಣ್ಣು ಮಾಡ್ರಿ ಅಕ್ಕಾ. ಮಗಳಿಗಿ ಹೇಳಿ ಕಳಸಬ್ಯಾಡ್ರಿ. ಆಕಿ ನನ್ನ ಮುಖ ನೋಡೂದು ಬ್ಯಾಡ."

ಅವಳಿಗೆ ಗೊತ್ತಿರಲಿಲ್ಲ, ಅದು ನನ್ನ ಮಾತು. ಅವಳು ಎಂದೂ ಆಡದ ಮಾತನ್ನು ಅವಳದೆಂದು ಹೇಳಿ ನಿನ್ನನ್ನು ಕಳಿಸಿದ್ದೆ. ಈಗ ಅದನ್ನು ಅವಳು ನಿಜವಾಗಿಯೂ ಆಡುತ್ತಿದ್ದಳು, ಅದೂ ಶಾಂತವಾಗಿ, ಯಾವ ಕೋಪವೂ ಇಲ್ಲದೆ. ನನ್ನ ಸುಳ್ಳನ್ನು ನಾನು ಅಷ್ಟು ಕಾಲ ಬೆಳೆಸಿ ಬೆಳೆಸಿ ನಿಜ ಮಾಡಿಬಿಟ್ಟಿದ್ದೆ. ಚಕ್ರ ನಿಲ್ಲಿಸಿದೆ. ಅಲ್ಲೇ, ನೆಲದ ಮೇಲೆ ಕೂತು ಎಲ್ಲ ಹೇಳಿದೆ. ನೀನು ಬಂದದ್ದು, ನಾನು ಹೇಳಿದ್ದು, ಹೋಳಿಗೆ, ಸಂತೆ, ನಿನ್ನ ಮನೆ, ಮೊಮ್ಮಗಳು.

ಅವಳು ಕೂಗಾಡಲಿಲ್ಲ. ಕೈಯಲ್ಲಿದ್ದ ಹಿಡಿಯನ್ನು ಉಜ್ಜುತ್ತಲೇ ಇದ್ದಳು. ಕೊನೆಗೆ ಕೇಳಿದಳು: "ಯಾವ ಸೀರಿ ಉಟ್ಟಿದ್ಲು?"

ಹೇಳಿದೆ. ಹಸಿರು ಒಡಲು, ಕೆಂಪು ಸೆರಗು. ತಲೆಗೆ ಹೂವು ಇತ್ತೇ ಎಂದು ಕೇಳಿದಳು. ಕನಕಾಂಬರ ಎಂದೆ. ತೆಳ್ಳಗಿದ್ದಳೋ, ಮೈಕೈ ತುಂಬಿಕೊಂಡಿದ್ದಳೋ ಎಂದು ಕೇಳಿದಳು. ನನ್ನ ಮೇಲೆ ಸಿಟ್ಟಾಗಲು ಅವಳಿಗೆ ಪುರಸೊತ್ತೇ ಇರಲಿಲ್ಲ. ಕಳೆದುಕೊಂಡ ಆ ಒಂದು ಮಧ್ಯಾಹ್ನವನ್ನು ನನ್ನ ಬಾಯಿಂದ ಹೆಕ್ಕಿ ಹೆಕ್ಕಿ ತೆಗೆದುಕೊಳ್ಳುತ್ತಿದ್ದಳು. ಗುರುತು ಹಿಡಿದದ್ದು ಹೇಗೆ ಎಂದಾಗ ಗಿಳಿಯ ವಿಷಯ ಹೇಳಬೇಕಾಯಿತು. ಅವಳ ಕೈ ನಿಂತಿತು.

"ನನ್ನ ಕೈ ಗುರ್ತು ಹಿಡದಾಳ" ಎಂದಳು. ಮುಖದಲ್ಲಿ ಒಂದು ನಗೆ ಬಂದು ಹೋಯಿತು. ಆಮೇಲೆ ನನ್ನ ಕಡೆ ನೋಡಿದಳು. "ಅದಕ್ಕ ಗಿಳಿ ಬ್ಯಾಡ ಅಂದ್ರಿ ನೀವು."

ಹೌದು ಎಂದೆ.

ಅವಳು ಎದ್ದು ಒಳಗೆ ಹೋದಳು. ಉಳಿಗಳನ್ನು, ಪುಟ್ಟ ಸುತ್ತಿಗೆಯನ್ನು, ಎರಡು ಸೀರೆಗಳನ್ನು ಚೀಲಕ್ಕೆ ಹಾಕಿಕೊಂಡು ಬಂದಳು. ಕೃಷ್ಣರಾಜಪುರಕ್ಕೆ ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಎದ್ದು ನಿಂತೆ. ಅವಳು ತಲೆಯಾಡಿಸಿದಳು. "ನಾ ಹೋಗಿ ಆಕಿ ಬಾಗ್ಲದಾಗ ಹ್ಯಾಂಗ ನಿಂದರ್ಲಿ? ಆಕಿ ಪಾಲಿಗಿ ನಾ ಬ್ಯಾಡ ಅಂದ ತಾಯಿ. ಹೇಳಿದೋರು ನೀವು. ಮೊದಲ ನೀವು ಹೋಗಿ ಹೇಳ್ರಿ. ಆಮ್ಯಾಲ ಆಕಿ ಮನಸ್ಸು."

ಇಷ್ಟು ವರ್ಷಗಳಲ್ಲಿ ಅಕ್ಕಾ ಎನ್ನದೆ ಅವಳು ನನ್ನೊಡನೆ ಮಾತು ಮುಗಿಸಿದ್ದು ಅದೊಂದೇ ಸಲ. ಓಣಿಯ ತಿರುವಿನವರೆಗೆ ನೋಡುತ್ತ ನಿಂತೆ. ಅವಳು ತಿರುಗಿ ನೋಡಲಿಲ್ಲ.

ಅವಳು ಹೇಳಿದಂತೆ ನಿನ್ನಲ್ಲಿಗೆ ಬಂದೆ. ಮುಂದಿನದು ನಿನಗೆ ಗೊತ್ತು.

ಕ್ಷಮಿಸು ಎಂದು ಕೇಳಲು ಇದನ್ನು ಬರೆಯಲಿಲ್ಲ. ಕ್ಷಮಿಸಿದರೂ ಆ ವರ್ಷಗಳು ನಿಮಗಿಬ್ಬರಿಗೂ ಹಿಂದಕ್ಕೆ ಬರುವುದಿಲ್ಲ. ನಿನ್ನ ಹೆರಿಗೆಯಲ್ಲಿ ಪಕ್ಕದಲ್ಲಿರಬೇಕಾದವಳು ನಮ್ಮ ಚಪ್ಪರದಲ್ಲಿ ತಂತಿ ಬಡಿಯುತ್ತ ಕೂತಿದ್ದಳು. ಅದನ್ನು ನಾನು ಯಾವ ಮಾತಿನಿಂದ ತುಂಬಿಕೊಡಲಿ? ಈಗ ಬೆಳಗ್ಗೆ ಎದ್ದು ಚಕ್ರದ ಮುಂದೆ ಕೂರುತ್ತೇನೆ, ಅಲಗು ಮಾಡುತ್ತೇನೆ. ಹಿಡಿಯಿಲ್ಲದ ಅಲಗುಗಳು ಹಲಗೆಯ ಮೇಲೆ ಸಾಲಾಗಿ ಬಿದ್ದಿರುತ್ತವೆ. ಸಂಜೆ ಚಕ್ರ ನಿಲ್ಲಿಸುತ್ತೇನೆ. ಇದು ನನಗೆ ಬರಬೇಕಾದ್ದೇ, ಇದರ ಬಗ್ಗೆ ದೂರಿಲ್ಲ.

ನೀಲಮ್ಮ ಗರುಡಾಚಾರ್‌ಪಾಳ್ಯದಲ್ಲಿ ಇದ್ದಾಳೆ, ಮೊದಲಿದ್ದ ಕಡೆಯೇ. ದೊಡ್ಡ ರಸ್ತೆಯಿಂದ ಒಳಗೆ ಹೋದರೆ ನೀರಿನ ಟ್ಯಾಂಕು, ಅದರ ಎಡಕ್ಕೆ ಸಾಲುರೂಮುಗಳು, ಕೊನೆಯದು. ನಿಮ್ಮ ಕಡೆಯ ಒಬ್ಬ ಗಾರ್ಮೆಂಟ್ಸ್ ಕೆಲಸದವಳ ಜೊತೆ ಇದ್ದಾಳೆ. ಮೊನ್ನೆ ದೂರದಿಂದ ನೋಡಿ ಬಂದೆ, ಮಾತಾಡಿಸಲಿಲ್ಲ. ರೂಮಿನೊಳಗೆ ಕತ್ತಲು, ಅದಕ್ಕೆ ಸಂಜೆ ಬೆಳಕಿರುವ ತನಕ ಬಾಗಿಲಲ್ಲೇ ಕೆಲಸ ಇಟ್ಟುಕೊಂಡು ಕೂತಿರುತ್ತಾಳೆ. ದಾರಿಯಲ್ಲಿ ಹೆಜ್ಜೆ ಸದ್ದಾದರೆ ತಲೆ ಎತ್ತಿ ನೋಡುತ್ತಾಳೆ. ಹೋಗುವ ಮನಸ್ಸಾದರೆ ಆ ಹೊತ್ತಿಗೆ ಹೋಗು. ಮಗುವನ್ನೂ ಕರೆದುಕೊಂಡು ಹೋಗು. ನಾನು ಅಲ್ಲಿ ಇರುವುದಿಲ್ಲ.